ಕಾಳೀ ದಂಡೆಯ ಚರಗ

ನಿನ್ನೆ ಎಳ್ಳಮಾವಾಸ್ಯೆ. ಸಜ್ಜಿರೊಟ್ಟಿಗೆ ಎಳ್ಳು ಅಂಟಿಸಿ ಹಂಚಿಗೆ ಹಾಕಿದೆ, ಚಟಚಟ ಸಿಡಿಯಿತು. ಆ ವಾಸನೆಗೆ ನನ್ನ ಅತ್ತೆ ನೆನಪಾಗುತ್ತಾರೆ ನೋಡಿ. ಅವರ ಹಿಂದೆಯೇ ಒಂದು ಮುಸ್ಯಾ, ಅಂದರೆ ಕಪ್ಪು ಮೋರೆಯ ಉದ್ದ ಬಾಲದ ಕೋತಿಯೂ ನೆನಪಾಗುತ್ತದೆ. ಅವರಿದ್ದರೆ ಇದಕ್ಕೆ ನಕ್ಕೇ ನಗುತ್ತಿದ್ದರು.

ಅದು ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ನಮ್ಮವರಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ, ಅಂಬೇವಾಡಿಯಲ್ಲಿ ಎರಡು ಖೋಲಿಯ ಮನೆ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಬೆಳಗಾವಿಯ ಕಾನ್ವೆಂಟಿನಲ್ಲಿ ಬೆಳೆದವಳು ನಾನು. ಕರವಸ್ತ್ರದ ಅಂಚಿಗೆ ಹೂ ಹೆಣೆಯಲು ಬರುತ್ತಿತ್ತು, ಕಡುಬಿನ ಅಂಚು ಮಡಿಸಲು ಬರುತ್ತಿರಲಿಲ್ಲ. ಧಾರವಾಡದ ಕಡೆಯ ಹಳ್ಳಿಯಿಂದ ಬಂದಿದ್ದ ಅತ್ತೆ ನನ್ನ ಪ್ರತಿ ಕಡುಬನ್ನೂ ಬಿಚ್ಚಿ, ಹೂರಣ ನೋಡಿ, ಆಮೇಲೆ ತಿನ್ನುತ್ತಿದ್ದರು. ಆದರೆ ಜ್ವರ ಬಂದರೆ ಹಣೆಯ ಮೇಲೆ ಕೈಯಿಡಲು ನನಗಿದ್ದವರು ಅವರೊಬ್ಬರೇ.

ಆ ವರ್ಷ ಅಮಾವಾಸ್ಯೆ ಹತ್ತಿರ ಬಂದಾಗ ಅವರು ಬಟ್ಟೆಯ ಗಂಟು ಕಟ್ಟಿ ಮಗನ ಮುಂದೆ ಇಟ್ಟುಬಿಟ್ಟರು.

"ಹೊಲಾ ಇಲ್ಲದ ಊರಾಗ ಎಂಥಾ ಅಮಾಸಿ, ತಮ್ಮಾ? ಚರಗಾ ಎಲ್ಲಿ ಚೆಲ್ಲೂಣು, ನಿನ್ನ ಕಾರ್ಖಾನಿ ಬಾಗಲದಾಗೇನು? ನನ್ನ ಊರಿಗೆ ಬಿಟ್ಟು ಬಾ. ಇನ್ನ ಅಲ್ಲೇ ಇರ್ತೇನಿ."

ಬೆಳೆ ನಿಂತ ಹೊಲದಲ್ಲಿ ಭೂಮಿತಾಯಿಗೆಂದು ಹಬ್ಬದಡಿಗೆ ಚೆಲ್ಲುವುದೇ ಚರಗ. ಅದಾಗದೆ ಅವರಿಗೆ ತುತ್ತು ಇಳಿಯದು. ನನಗೋ, ಆ ಗಂಟು ನೋಡಿದಾಗಲೆಲ್ಲ ಬಿಚ್ಚಿ ಬಟ್ಟೆಯನ್ನು ಮತ್ತೆ ಗೂಟಕ್ಕೆ ಹಾಕಿಬಿಡೋಣ ಅನಿಸುತ್ತಿತ್ತು.

"ಹೊಲಾ ಇಲ್ಲದಿದ್ರೇನಾತು, ಅಡವಿ ಐತೆಲ್ಲಾ. ಹೋಗೂಣು ನಡೀಬೇ" ಎಂದರು ನಮ್ಮವರು.

ಕಾಳೀ ಹೊಳೆಯ ದಂಡೆಗೆ, ಕಾಡುಪ್ರಾಣಿ ನೋಡಬರುವವರಿಗೆಂದು ಅರಣ್ಯ ಇಲಾಖೆಯವರ ಒಂದು ಹಂಚಿನ ಮನೆಯಿತ್ತು. ಹಬ್ಬದ ದಿನ ಬುತ್ತಿ ಕಟ್ಟಿಕೊಂಡು ಮೂವರೂ ಅಲ್ಲಿಗೆ ಹೋದೆವು. ಗೋಡೆಗೆ ಕಾಡುಕೋಣದ ಕೊಂಬು, ಮೇಜಿನ ಮೇಲೆ ಹುಲಿಹೆಜ್ಜೆಯ ಅಚ್ಚು. ಅತ್ತೆ ಹೆಜ್ಜೆಗೆ ಕೈಮುಗಿದರು. ಹೊರಗೆ ಹೊಳೆಗೆ ಮುಖಮಾಡಿದ ಕಟ್ಟೆ. ಅಲ್ಲಿ ಸದ್ದಿಲ್ಲದೆ ಕೂತರೆ ಏನಾದರೂ ಕಾಣುತ್ತದಂತೆ.

ಸದ್ದಿಲ್ಲದೆ ಕೂರುವವರು ಯಾರು? ಚರಗವೆಂದರೆ ಕೂಗಲೇಬೇಕು. ನಮ್ಮವರು ಕನ್ನಡಕ ಸರಿಮಾಡಿಕೊಂಡು ಕಡುಬು ರೊಟ್ಟಿ ಚೆಲ್ಲುತ್ತ "ಹುಲ್ಲುಲ್ಲಿಗ್ಯೋ!" ಎಂದರು. ಹಿಂದಿನವರು "ಚಲ್ಲಂಬ್ರಿಗ್ಯೋ!" ಅನ್ನಬೇಕು. ಹಿಂದಿದ್ದವಳು ನಾನು. ಶಾಲೆಯ ಪ್ರಾರ್ಥನೆಯಲ್ಲಿ ಕಲಿತ ದನಿಯನ್ನೇ ಎತ್ತರಕ್ಕೆ ಏರಿಸಿ ರಾಗವಾಗಿ ಅಂದೆ. ಮರದ ಮೇಲಿದ್ದ ಹಕ್ಕಿಗಳೆಲ್ಲ ಭರ್ರನೆ ಎದ್ದು ಹೋದವು.

ಅರಣ್ಯದ ಗಾರ್ಡ್ ಓಡಿಬಂದ. "ಅವ್ವಾರ, ಪ್ರಾಣಿ ನೋಡಾಕ ಬಂದೀರೋ, ಓಡಸಾಕ ಬಂದೀರೋ?"

ಅತ್ತೆಯ ಮುಖ ಸಣ್ಣದಾಯಿತು. "ನೆಲಾ ನಮ್ಮದಲ್ಲಲ್ಲ, ಅಂತಾನ" ಎಂದು ಕಟ್ಟೆಯ ತುದಿಗೆ ಹೋಗಿ ಕೂತರು. ಬುತ್ತಿ ಬಿಚ್ಚಿದರೂ ಯಾರೂ ಕೈಹಾಕಲಿಲ್ಲ. ಆಯಿತು, ನಾಳೆ ಊರಿನ ಬಸ್ಸೇ ಎಂದುಕೊಂಡೆ.

ಆಗ ಬಿದಿರಿನ ಮೆಳೆಯಿಂದ ಮುಸ್ಯಾ ಇಳಿದು ಬಂತು. ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು. ಚೆಲ್ಲಿದ್ದ ನನ್ನ ಕಡುಬೊಂದನ್ನು ಎತ್ತಿ, ಮೂಸಿ, ಬಿಚ್ಚಿ, ಒಳಗಿನ ಹೂರಣ ನೋಡತೊಡಗಿತು.

"ಯವ್ವಾ, ಬಿಚ್ಚಿ ನೋಡಾಕ್ಹತ್ತೈತಲ್ಲ!" ಅತ್ತೆ ಪಿಸುಗುಟ್ಟಿದರು.

"ನಿಮ್ಮ ಕಡೀದ ಇರಬೇಕ್ರಿ, ಅತ್ಯಾರ." ಬಾಯಿಂದ ಜಾರಿಯೇ ಹೋಯಿತು.

ಅತ್ತೆ ಗಕ್ಕನೆ ನನ್ನತ್ತ ತಿರುಗಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಾರ್ಡ್ ಕೂಡ ಮುಖ ಆಚೆ ತಿರುಗಿಸಿಕೊಂಡ. ಅವನ ಭುಜ ಕುಣಿಯುತ್ತಿತ್ತು.

"ಊರಾಗ ಚರಗಾ ಚೆಲ್ಲಿ ಬರ್ತಿದ್ವಿ, ಯಾರು ಉಂಡ್ರೋ ಏನೋ" ಎಂದರು ಅತ್ತೆ ಮರಳುವಾಗ. "ಇಲ್ಲಿ ಕೂಸಿನ ತಾಯಿ ಕಣ್ಣ ಮುಂದ ಉಂಡ್ಲು."

ಮನೆಗೆ ಬಂದು ಗಂಟು ಬಿಚ್ಚುತ್ತ, ನನ್ನತ್ತ ತಿರುಗದೆಯೇ ಅಂದರು: "ಬರೂ ವರ್ಷ ಕಡುಬು ಮಡಸೂದು ಕಲಸ್ತೇನಿ. ಪಾಪ, ಆ ಮುಸ್ಯಾಗಾದ್ರೂ ಚಲೋದು ಸಿಗಲಿ."

ಇಷ್ಟು ವರ್ಷ ಈ ಹಬ್ಬಕ್ಕೆ ಅಡಿಗೆಮನೆಯ ಕಿಟಕಿಯಾಚೆ ಕಡುಬಿನ ಒಂದು ತುಂಡು ಇಟ್ಟು ಕೆಲಸಕ್ಕೆ ತಿರುಗುತ್ತಿದ್ದೆ. ನಿನ್ನೆ ಮಾತ್ರ ಗ್ಯಾಸ್ ಆರಿಸಿ, ಇಡೀ ಕಡುಬನ್ನೇ ಇಟ್ಟು, ಯಾರು ಬರುತ್ತಾರೆಂದು ಕಾದು ನಿಂತೆ. ಅಳಿಲು ಬಂತು. ಕಡುಬನ್ನು ಹಿಂದೆ ಮುಂದೆ ತಿರುವಿ ನೋಡಿತು.

"ನೋಡ್ರಿ ಅತ್ಯಾರ, ನೋಡ್ರಿ" ಎಂದೆ. "ಈಗ ನನ್ನ ಕಡುಬಿನ ಅಂಚು ಬಿಚ್ಚೂದಿಲ್ಲ."