ವಿದ್ಯಾಳಿಗೆ ನಾನು ಕೊಟ್ಟ ಮಾತ್ರೆ

ವಿದ್ಯಾ, ನಿನ್ನ ಕೈಗೆ ಆ ಮಾತ್ರೆ ಇಟ್ಟವಳು ನಾನು. ಎಲ್ಲರೂ ನಿನ್ನನ್ನು ಬೈಯುವಾಗ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ.

ಈ ಪರದೇಶದಲ್ಲಿ, ಪಾಸಿರ್ ರಿಸ್‌ನ ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆಂದು ಅತ್ತೆ ಮೈಸೂರಿನಿಂದ ಬಂದಿದ್ದರು. ನೀನು ನನ್ನ ಮೈದುನನ ಕೈಹಿಡಿದು ಇನ್ನೂ ವರ್ಷವಾಗಿರಲಿಲ್ಲ. ಮಕ್ಕಳು ತಡವಾಗಲಿ ಎಂದು ನೀನು ಗುಟ್ಟಾಗಿ ಮಾತ್ರೆ ನುಂಗುತ್ತಿದ್ದುದು ನನಗೊಬ್ಬಳಿಗೇ ಗೊತ್ತಿತ್ತು. ನಿಮ್ಮಮ್ಮನ ಕಾಲಿನಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿತ್ತೆಂದು ಡಾಕ್ಟರು ನಿನಗೆ, ಹೆಪ್ಪಿನ ಅಪಾಯ ಹೆಚ್ಚಿಸುವ ಈಸ್ಟ್ರೋಜನ್ ಹಾರ್ಮೋನ್ ಇಲ್ಲದ ಮಾತ್ರೆ ಬರೆದಿದ್ದರು. ಅದರಲ್ಲಿ ಹೊತ್ತುಗೊತ್ತಿಲ್ಲದೆ ಒಂದಿಷ್ಟು ರಕ್ತ ಕಾಣಿಸಬಹುದು, ಹೆದರಬೇಡಿ ಎಂದೂ ಹೇಳಿದ್ದರು. ಆದರೆ ಅತ್ತೆಗೆ ಒಂದು ಕಲೆ ಕಂಡರೂ ಮುಟ್ಟೇ. ನಿನ್ನನ್ನು ದೇವರ ಮನೆಗೂ ಬಿಡಲಿಲ್ಲ, ಅಡುಗೆಮನೆಗೂ ಬಿಡಲಿಲ್ಲ.

"ಏನಮ್ಮಾ ಇದು, ತಿಂಗಳಿಡೀ ಹೊರಗೇನಾ?" ಎಂದರು.

ಹೋಳಿಗೆಯಿಂದ ಹಿಡಿದು ಎಲ್ಲವೂ ನನ್ನ ತಲೆಗೇ ಬಂತು. ನನ್ನ ಹತ್ತಿರ ನನ್ನ ಮಾತ್ರೆಯಿತ್ತು — ಈಸ್ಟ್ರೋಜನ್ ಕೂಡ ಇರುವಂಥದ್ದು. ಬಿಡುವು ಕೊಡದೆ ನುಂಗಿದರೆ ತಿಂಗಳ ಮುಟ್ಟೂ ಮುಂದಕ್ಕೆ ಹೋಗುತ್ತಿತ್ತು.

"ಇದನ್ನ ತಗೋ, ಸ್ವಲ್ಪ ಸ್ಟ್ರಾಂಗ್ ಅಷ್ಟೆ. ಸ್ಪಾಟಿಂಗ್ ಸ್ಟಾಪ್ ಆಗತ್ತೆ," ಎಂದೆ.

"ಡಾಕ್ಟರನ್ನ ಒಂದ್ಸಲ ಕೇಳ್ಲಾ ಅಕ್ಕ?"

"ಫಂಕ್ಷನ್ ಮುಗೀಲಿ, ಆಮೇಲೆ ಕೇಳು."

ನಿಮ್ಮಮ್ಮನ ಕಾಲು ನನಗೆ ಮರೆತಿತ್ತು ಎಂದು ಹೇಳಲಾರೆ. ನೆನಪಿತ್ತು. ಮಮತೆಯಿಂದ ಕೊಟ್ಟೆನೆಂದು ನೀನು ಇಂದಿಗೂ ನಂಬಿದ್ದೀಯ — ಅಲ್ಲ. ನಾನೊಬ್ಬಳೇ ಯಾಕೆ ಗೇಯಬೇಕು ಎಂಬ ಸಿಟ್ಟು, ಅಷ್ಟೇ.

ರಕ್ತ ನಿಂತಿತು. ನೀನು ರೇಷ್ಮೆ ಸೀರೆಯುಟ್ಟು ಪೂಜೆಗೆ ಕೂತೆ. ಆಮೇಲೂ ಅತ್ತೆ ಇಲ್ಲೇ ಉಳಿದರು, ಮಾತ್ರೆಯೂ ನಿಲ್ಲಲಿಲ್ಲ. ಕೆಲವು ವಾರಗಳಲ್ಲಿ ನಿನ್ನ ಎಡಗಾಲು ಊದಿ, ಕೆಂಪೇರಿ — ಆಸ್ಪತ್ರೆಗೆ ಸೇರಿಸಿದೆವು. ಮಾತ್ರೆಯಿಂದಲೇ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಹಾಸಿಗೆಯ ಪಕ್ಕ ನಿಂತು ಅತ್ತೆ ಕೇಳಿದರು:

"ಈ ಮಾತ್ರೆ ಯಾರು ಕೊಟ್ರು ನಿಂಗೆ?"

ನೀನು ನನ್ನ ಕಡೆ ನೋಡಿದೆ. ನಾನು ಬಾಟಲಿಗೆ ನೀರು ತುಂಬುವ ನೆಪ ಮಾಡಿಕೊಂಡು ಎದ್ದೆ. "ನಾನೇ ತಗೊಂಡೆ ಅತ್ತೆ" ಎಂದದ್ದು ಬಾಗಿಲ ಬಳಿ ಕೇಳಿಸಿತು.

ಅಂದಿನಿಂದ ಮನೆಯವರ ಬಾಯಲ್ಲಿ ನೀನು, ಮಕ್ಕಳು ಬೇಡವೆಂದು ಕಾಲು ಕೆಡಿಸಿಕೊಂಡವಳು. ನಾನು ಜಾಣ ಸೊಸೆ. ಈಗಲೂ ಕಾಲು ಊದದಿರಲೆಂದು ನೀನು ಆ ಬಿಗಿ ಕಾಲುಚೀಲ ಎಳೆದುಕೊಳ್ಳುವಾಗ ನಾನು ಬೇರೆಲ್ಲೋ ನೋಡುತ್ತೇನೆ.

ಇವತ್ತು ಅತ್ತೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ — ಬೈಯಲಿಲ್ಲ.

"ಹೋಗ್ಲಿ ಬಿಡಮ್ಮ, ನೀನೇನು ಬೇಕೂಂತ ಮಾಡಿದ್ಯಾ?"

ಎಷ್ಟು ಸುಲಭವಾಗಿ ಅಂದುಬಿಟ್ಟರು, ವಿದ್ಯಾ. ಇಷ್ಟು ವರ್ಷ ನಿನಗೆ ಒಮ್ಮೆಯೂ ಸಿಗದ ಮಾತು ಅದು.