ಕೆಂಚನ ನೀರಡಿಕೆ

ವೃಂದಾ ವಾಡಿ ಪಟ್ಟಣದ ಒಂದು ಖಾಸಗಿ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಿದ್ದಳು. ಕೈ ಎಷ್ಟು ಹಗುರವೆಂದರೆ ಸೂಜಿ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ. ಮಾತು ಮಾತ್ರ ಕಡಿಮೆ. ಡಾಕ್ಟರರ ಎದುರಿಗಂತೂ ರಿಪೋರ್ಟು ಇಟ್ಟು ತಲೆ ತಗ್ಗಿಸಿ ಹೊರಬರುವವಳು.

ಒಂದು ದಿನ ಪರೀಕ್ಷೆಗೆ ರಕ್ತ ತರಲು ಊರಿನ ಸಿಮೆಂಟ್ ಫ್ಯಾಕ್ಟರಿಯ ಕ್ವಾರ್ಟರ್ಸಿಗೆ ಹೋದಾಗ ಅಧಿಕಾರಿಯೊಬ್ಬರ ಮನೆಯಲ್ಲಿ ಒಂದು ನಾಯಿಯನ್ನು ಕಂಡಳು. ಕೆಂಪು ಮೈ, ಬಿಳಿ ಕಾಲು, ಚಕ್ಕುಲಿಯಂತೆ ಸುತ್ತಿದ ಬಾಲ, ಸದಾ ಚಿಂತೆಯಲ್ಲಿದ್ದವರ ಹಾಗೆ ನೆರಿಗೆ ಬಿದ್ದ ಹಣೆ. ಬಸೆಂಜಿ ಜಾತಿ, ಆಫ್ರಿಕಾ ಮೂಲದ್ದು, ಬೊಗಳುವುದಿಲ್ಲ ಎಂದರು ಮನೆಯವರು. ಅವರಿಗೆ ದೂರದ ಊರಿಗೆ ವರ್ಗವಾಗಿತ್ತು. ಅಲ್ಲಿನ ಮನೆಯಲ್ಲಿ ನಾಯಿಗೆ ಜಾಗವಿರಲಿಲ್ಲ. ಸಂಜೆ ವೃಂದಾ ಅದನ್ನು ಕರೆದುಕೊಂಡೇ ಮನೆಗೆ ಬಂದಳು.

“ಮಡಿ ಮನ್ಯಾಗ ನಾಯಿ ಹೊಕ್ಕರ ಹೆಂಗವಾ?” ತಾಯಿ ರುಕ್ಮಿಣಿಬಾಯಿ ಬಾಗಿಲಿಗೆ ಅಡ್ಡ ನಿಂತರು.

“ಹಿತ್ತಲದಾಗ ಇರ್ತದಮ್ಮಾ.”

ಹಿತ್ತಲಲ್ಲೇ ಇತ್ತು, ಎಂಟು ದಿನ. ಬೆಕ್ಕಿನಂತೆ ಮೈಯೆಲ್ಲ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತಿತ್ತು, ವಾಸನೆಯೆಂಬುದಿಲ್ಲ. ಒಂಬತ್ತನೆಯ ದಿನ ಮಳೆ ಬಂತು. ನೀರೆಂದರೆ ಆಗದ ನಾಯಿ ಹೊಸ್ತಿಲಿಗೆ ಮೈ ಅಂಟಿಸಿ ನಡುಗುತ್ತ ನಿಂತಿತು. ರುಕ್ಮಿಣಿಬಾಯಿಯವರೇ ಕದ ತೆರೆದರು.

“ಬಾರೋ ಕೆಂಚ. ದೇವರ ಕೋಣಿ ಕಡೆ ಮಾತ್ರ ಹೋಗಬ್ಯಾಡ.”

ಅಂದಿನಿಂದ ಅವನು ಕೆಂಚನೇ ಆದ. ವೃಂದಾಳ ಸ್ಕೂಟಿ ಸಪ್ಪಳ ಕೇಳಿದರೆ ಹಾಡೂ ಅಲ್ಲದ, ಅಳುವೂ ಅಲ್ಲದ ಒಂದು ರಾಗ ತೆಗೆಯುತ್ತಿದ್ದ. ಹಗ್ಗ ಬಿಟ್ಟರೆ ಅಳಿಲಿನ ಹಿಂದೆ ರೈಲುಹಳಿಯವರೆಗೂ ಓಟ. ಅದಕ್ಕೇ ಬೆಳಗ್ಗೆ ಸಂಜೆ ಹಗ್ಗ ಹಿಡಿದು ಅವಳೇ ಸುತ್ತಾಡಿಸುತ್ತಿದ್ದಳು.

ಐದನೆಯ ವರ್ಷಕ್ಕೆ ಕಾಲಿಟ್ಟಾಗ ಕೆಂಚ ಬಕೆಟ್‌ಗಟ್ಟಲೆ ನೀರು ಕುಡಿಯತೊಡಗಿದ. ಬಿಸಿಲಿಗೆಂದುಕೊಂಡರು. ಬಿಸಿಲು ಇಳಿದರೂ ನೀರಡಿಕೆ ಇಳಿಯಲಿಲ್ಲ, ಪಕ್ಕೆಲುಬು ಕಾಣತೊಡಗಿದವು. ಪಶುವೈದ್ಯ ಗುರುಲಿಂಗಯ್ಯನವರು ಮೂತ್ರ ಪರೀಕ್ಷಿಸಿದರು.

“ಸಕ್ಕರಿ ಭಾಳ ಹೋಗಾಕತ್ತದ ಅಕ್ಕಾರೆ. ಸಕ್ಕರಿ ರೋಗ. ನಾಳಿಂದ ಇನ್ಸುಲಿನ್ ಕೊಡ್ರಿ.”

ವೃಂದಾ ಎಂದಿನಂತೆ ತಲೆಯಾಡಿಸಿ ಬಂದಳು. ಆದರೆ ರಕ್ತ ನೋಡದೆ ಇನ್ಸುಲಿನ್ ಕೊಡಲು ಮನಸ್ಸು ಒಪ್ಪಲಿಲ್ಲ. ತಾಯಿ ಕೆಂಚನ ತಲೆ ತಬ್ಬಿ ಹಿಡಿದರು, ಅವಳು ಮುಂಗಾಲಿನಿಂದ ರಕ್ತ ತೆಗೆದಳು. ರಕ್ತದಲ್ಲಿ ಸಕ್ಕರೆ ಎಂಬತ್ತೆಂಟು. ಊಟವಾದ ಮೇಲೆ ಮತ್ತೆ ನೋಡಿದಳು, ಆಗಲೂ ಹೆಚ್ಚಿರಲಿಲ್ಲ. ಮೂತ್ರದಲ್ಲಿ ತುಂಬಿದೆ, ರಕ್ತದಲ್ಲಿಲ್ಲ! ಇನ್ಸುಲಿನ್ ಕೊಟ್ಟರೆ ಇದ್ದ ಸಕ್ಕರೆಯೂ ಇಳಿದು ಪ್ರಾಣಕ್ಕೇ ಕುತ್ತು ಬಂದೀತು.

ಮರುದಿನ ರಕ್ತದ ಲೆಕ್ಕ ಬರೆದ ಚೀಟಿಯನ್ನು ಪಶುವೈದ್ಯರ ಮುಂದಿಟ್ಟು ಅಲ್ಲೇ ನಿಂತಳು.

“ಸರ್, ಸಿಟ್ಟಾಗಬ್ಯಾಡ್ರಿ. ಇದು ಸಕ್ಕರಿ ರೋಗ ಅಲ್ಲ ಅನಸ್ತದ. ರಕ್ತ ಸರಿ ಅದ. ಮೂತ್ರಪಿಂಡದಾಗಿಂದ ಸಕ್ಕರಿ ಸೋರಾಕತ್ತಿರಬಹುದು.”

ಗುರುಲಿಂಗಯ್ಯನವರು ಚೀಟಿಯನ್ನು ಎರಡು ಸಲ ಓದಿದರು. ಅಲ್ಲಿಯೇ ತಮ್ಮ ಗುರುಗಳಿಗೆ ಫೋನು ಹಚ್ಚಿದರು. ಬಹಳ ಹೊತ್ತು ಮಾತಾಡಿ ಇಟ್ಟರು.

“ನಿಮ್ಮ ಮಾತು ಖರೇ ಅದ. ಈ ಜಾತಿ ನಾಯಿಗೋಳಿಗೆ ಬರೋ ಬ್ಯಾನಿ ಅಂತ. ನಾ ಇಂಥದು ನೋಡೇ ಇದ್ದಿಲ್ಲ. ಛಲೋ ಆತು, ನೀವು ಬಾಯಿ ಬಿಟ್ರಿ.”

ಪೂರ್ತಿ ವಾಸಿಯಾಗುವ ರೋಗವಲ್ಲ, ಆದರೆ ಹತೋಟಿಯಲ್ಲಿಡಬಹುದಿತ್ತು. ದಿನಕ್ಕೆರಡು ಹೊತ್ತು ಗುಳಿಗೆ, ನೀರಿನ ಬೋಗುಣಿ ಸದಾ ತುಂಬಿರಬೇಕು, ಆಗಾಗ ರಕ್ತ ನೋಡಬೇಕು. ರುಕ್ಮಿಣಿಬಾಯಿ ಬೆಣ್ಣೆ ಹಚ್ಚಿದ ರೊಟ್ಟಿ ತುಣುಕಿನಲ್ಲಿ ಗುಳಿಗೆ ಮುಚ್ಚಿ ತಿನ್ನಿಸುತ್ತಿದ್ದರು. ಏಕಾದಶಿಗೆ ತಾವು ಉಪವಾಸವಿದ್ದರೂ ಕೆಂಚನ ರೊಟ್ಟಿ ತಪ್ಪಲಿಲ್ಲ. ಮೂರು ತಿಂಗಳಲ್ಲಿ ಪಕ್ಕೆಲುಬು ಮುಚ್ಚಿದವು.

ಈಗ ಎರಡು ವರ್ಷವಾಗಿದೆ. ಲ್ಯಾಬಿನಲ್ಲಿ ರಿಪೋರ್ಟು ಅನುಮಾನ ಹುಟ್ಟಿಸಿದರೆ ವೃಂದಾ ಡಾಕ್ಟರರಿಗೆ ತಾನೇ ಫೋನು ಮಾಡಿ ಹೇಳುತ್ತಾಳೆ. ಗುರುಲಿಂಗಯ್ಯನವರು ಕಾಳಗಿಯ ಕಡೆ ದನಕರುಗಳ ತಪಾಸಣೆಗೆ ಹೋಗುವಾಗ ಅವಳನ್ನೂ ಕರೆಯುತ್ತಾರೆ. ಹೋದ ಭಾನುವಾರ ಅವಳು ಅಲ್ಲಿ ಬೇವಿನ ನೆರಳಲ್ಲಿ ಕುಳಿತು ನಲವತ್ತು ಎಮ್ಮೆಗಳ ರಕ್ತ ತೆಗೆದಳು. ಕೆಂಚ ಪಕ್ಕದಲ್ಲೇ ಮಲಗಿ, ಹಣೆ ನೆರಿಗೆ ಮಾಡಿಕೊಂಡು, ಒಂದೊಂದು ಎಮ್ಮೆಯನ್ನೂ ನೋಡುತ್ತಿದ್ದ.