ಟೇಪಿನಲ್ಲಿ ಖಾಲಿ ಬಿಟ್ಟ ಜಾಗ

ಬಸ್ ನಿಲ್ದಾಣದ ಪ್ರಕಟಣಾ ಕೊಠಡಿಯಲ್ಲಿ ಮೂವತ್ತೊಂದು ವರ್ಷ ಟೇಪು ಕತ್ತರಿಸಿ ಅಂಟಿಸಿದವರಿಗೆ ಕತ್ತರಿಯಪ್ಪ ಎಂಬ ಹೆಸರೂ ಅಂಟಿಕೊಂಡಿತು. ಅವರು ನಿವೃತ್ತರಾದದ್ದು 2008ರ ಮೇ 31, ಶನಿವಾರ. ಆದರೆ ಅವರ ಮನಸ್ಸು ಮರಳಿ ಮರಳಿ ಹೋಗುತ್ತಿದ್ದುದು 1979ರ ಫೆಬ್ರುವರಿ 12ರ ಸೋಮವಾರಕ್ಕೆ.

ಅಂದು ಪ್ರಕಟಣೆಗೆ ದನಿ ಕೊಡಲು ಬಂದಾಕೆಯಿಂದ 'ಗಂಟೆ', 'ಬಸ್ಸು', 'ಅಂಕಣ' ಎಂದು ಒಂದೊಂದೇ ಪದ ಹೇಳಿಸಿ, ತುಂಡುಗಳನ್ನು ಜೋಡಿಸಿ ಕೇಳಿಸಿದ್ದರು.

"ಇದೇನ್ರೀ, ಹಲ್ಲು ಕೀಳಿಸ್ಕೊಂಡು ಬಂದೋಳು ಮಾತಾಡಿದ ಹಾಗಿದೆ. ನಾನು ವಾಕ್ಯ ಪೂರ್ತಿ ಹೇಳ್ತೀನಿ. ಸಂಖ್ಯೆ ಬರೋ ಕಡೆ ಸುಮ್ಮನಿರ್ತೀನಿ. ಅಲ್ಲಿಗೆ ಇನ್ನೊಂದು ಯಂತ್ರದಿಂದ ಸಂಖ್ಯೆ ಕೂರಿಸಿ."

"ಕೂರದಿದ್ರೆ?"

"ನಿಮ್ಮ ಕತ್ತರಿ ಇರೋದು ಯಾತಕ್ಕೆ?"

ಬರೆದುಕೊಟ್ಟ ವಾಕ್ಯದಲ್ಲಿ ಇಲ್ಲದ 'ನಿಧಾನವಾಗಿ ಬನ್ನಿ' ಎಂಬ ಮಾತನ್ನೂ ಆಕೆಯೇ ಸೇರಿಸಿದರು. ಮರುವರ್ಷ ಕತ್ತರಿಯಪ್ಪನವರನ್ನೇ ಮದುವೆಯಾಗಿ ಅವರ ಮನೆ ತುಂಬಿದರು. ಆಕೆ ತೀರಿಕೊಂಡು ನಾಲ್ಕು ವರ್ಷವಾದರೂ ನಿಲ್ದಾಣದಲ್ಲಿ ಆ ದನಿ ಕೇಳುತ್ತಲೇ ಇತ್ತು.

2024ರ ಜೂನ್ 13, ಗುರುವಾರ. ಜುಲೈ ಒಂದರಿಂದ ಧ್ವನಿವರ್ಧಕ ಬಂದ್, ಪ್ರಕಟಣೆಯೆಲ್ಲ ಮೊಬೈಲ್ ಆ್ಯಪಿನಲ್ಲಿ, ಬರಹವಾಗಿ. ಅದನ್ನು ಬರೆಯುತ್ತಿದ್ದವಳು ಮಗಳೇ. ಆ್ಯಪ್ ಬರೆಯುವ ಕಾಟ್ಲಿನ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಅವಳಿಗಿನ್ನೂ ಮೂರು ತಿಂಗಳು. ಕತ್ತರಿಯಪ್ಪ ಕನ್ನಡಕ ಏರಿಸಿ ಪರದೆಗೆ ಬಾಗಿದರು. ಉದ್ಧರಣ ಚಿಹ್ನೆಗಳೊಳಗೆ ತುಂಡು ಮಾತುಗಳು, ನಡುನಡುವೆ ಕೂಡಿಸುವ ಗುರುತು.

"ಅಮ್ಮನ ವಾಕ್ಯ ಎಲ್ಲಮ್ಮಾ?"

"ಅಷ್ಟುದ್ದದ್ದಕ್ಕೆ ಎಷ್ಟು ಪ್ಲಸ್ ಹಾಕ್ಲಪ್ಪಾ? ಒಂದು ಕಡೆ ಜಾಗ ಬಿಡೋದು ಮರೆತ್ರೂ ಪದಗಳು ಒಂದಕ್ಕೊಂದು ಅಂಟ್ಕೊಳ್ತಾವೆ. ಇಷ್ಟು ಸಾಕು ಬಿಡಿ."

ಕತ್ತರಿಯಪ್ಪ ಪರದೆಯ ಮೇಲಿನ ತುಂಡುಗಳನ್ನು ಮತ್ತೊಮ್ಮೆ ಓದಿದರು. ದನಿ ಹೇಗೂ ಹೋಗುತ್ತದೆ. ಮಾತೂ ಹೋದರೆ ಆಕೆಯದೆಂಬುದು ಅಲ್ಲಿ ಏನುಳಿಯಿತು? ತಡೆದು ತಡೆದು, ಆ ಸೋಮವಾರದ ಕಥೆ ಹೇಳಿದರು.

ಮಗಳು ಹಣೆ ಚಚ್ಚಿಕೊಂಡಳು. "ಪೂರ್ತಿ ವಾಕ್ಯ ಬರೆದು, ನಡುವೆ ಜಾಗ ಬಿಟ್ಟು ಸಂಖ್ಯೆ ಕೂರಿಸೋದು. ಕಾಟ್ಲಿನ್ ಪಾಠದಲ್ಲಿ ಇದೇ ಇತ್ತಪ್ಪಾ. ನಾನೇ ಆ ಪುಟ ಹಾರಿಸಿದ್ದೆ."

"ನಿಮ್ಮಮ್ಮ ಹಾರಿಸ್ತಿರಲಿಲ್ಲ."

"ಗೊತ್ತು ಬಿಡಿ, ಈಗ ವಾಕ್ಯ ಹೇಳಿ."

ಅವರು ಹೇಳಿದರು, ಅವಳು ಬರೆದಳು. ಖಾಲಿ ಜಾಗ ಬಂದಲ್ಲೆಲ್ಲ ಡಾಲರ್ ಗುರುತು, ಪುಷ್ಪಾವರಣವೆಂಬ ಬಳುಕು ಕಂಸ, ಅದರೊಳಗೆ ಸಂಖ್ಯೆಯ ಹೆಸರು. ಕ್ಷಣದಲ್ಲಿ ಮೊಬೈಲಿನಲ್ಲಿ ಮೂಡಿತು: 'ಪ್ರಯಾಣಿಕರೇ, ನಿಧಾನವಾಗಿ ಬನ್ನಿ. 10.30ರ ಬಸ್ಸು 3ನೇ ಅಂಕಣದಲ್ಲಿ ನಿಮಗಾಗಿ ಕಾಯುತ್ತಿದೆ.'

ಕತ್ತರಿಯಪ್ಪ ಗಟ್ಟಿಯಾಗಿ ಓದಿದರು. ಸಂಖ್ಯೆ ಬಂದಾಗಲೆಲ್ಲ ಅವರ ತೋರುಬೆರಳು, ಸಂಖ್ಯೆ ನುಡಿಸುತ್ತಿದ್ದ ಎರಡನೆಯ ಯಂತ್ರದ ಗುಂಡಿ ಇನ್ನೂ ಅಲ್ಲೇ ಇದೆಯೆಂಬಂತೆ, ಮೇಜನ್ನು ಮೆಲ್ಲಗೆ ಒತ್ತಿತು.